ಏಳನೆಯ ವಿಧವೆ

ಜೂನ್ 24, 1951

ಸಂತ ಯೊವಾನ್ನರ ಹಬ್ಬ. ಬೆಳಗಿನ ಪೂಜೆ ಮುಗಿದದ್ದೇ ಎಲ್ಲರೂ ಹೊಲಕ್ಕೆ ಇಳಿದೆವು. ಮಾಗಿದ ಗೋಧಿ ಹಬ್ಬ ಹುಣ್ಣಿಮೆ ನೋಡುವುದಿಲ್ಲ. ಕೊಯ್ಯುತ್ತ ನಾನೊಬ್ಬಳೇ ಮೂರು ಆರ್ಜಿಯಾ ಕೊಂದೆ, ವಿಷದ ಜೇಡ. ಕುಡುಗೋಲಿನ ಹಿಡಿಯಿಂದ ಜಜ್ಜಿದರೆ ದ್ರಾಕ್ಷಿ ಒಡೆದಂಥ ಸಣ್ಣ ಸದ್ದು. ಮಿಡತೆ ಹೆಚ್ಚಾದ ವರ್ಷ ಈ ಜೇಡವೂ ಹೆಚ್ಚು ಅಂತ ಮುದುಕರು ಹೇಳುವುದು ನಿಜವಿರಬೇಕು. ಕೂಳೆಯ ಸಾಲುಸಾಲಿನಲ್ಲೂ ಬಲೆ.

ಪಕ್ಕದ ಹೊಲದಲ್ಲಿ ಆ ನಾಯಿ ಕೊಯ್ಯುತ್ತಿದ್ದ. ಝುವಾನ್ನೆ ಪುದ್ದು. ನನ್ನ ಗಂಡ ಪ್ರೇದುವನ್ನು ಕೊಂದವನು. ಎರಡೂವರೆ ವರ್ಷದ ಹಿಂದೆ, ಕುರಿ ಈಯುವ ಕಾಲದಲ್ಲಿ, ಊರಾಚೆಯ ಬುಗ್ಗೆಯ ಹತ್ತಿರ ಹೊಟ್ಟೆಗೆ ಗುಂಡು ಹೊಡೆದ. ಪೊಲೀಸರು ಹಿಡಿದುಕೊಂಡು ಹೋಗಿ, ಸಾಕ್ಷಿ ಇಲ್ಲ ಅಂತ ನಲವತ್ತು ದಿನಕ್ಕೆ ಬಿಟ್ಟುಬಿಟ್ಟರು. ಊರಿಗೆಲ್ಲ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪ್ರೇದು ಯಾರಿಗೂ ಏನೂ ಮಾಡಿದವನಲ್ಲ. ಒಬ್ಬನೇ ಬಿದ್ದು, ಒಬ್ಬನೇ ನರಳಿ, ಒಬ್ಬನೇ ಸತ್ತ.

ಕೊಯ್ಯುತ್ತ ಆ ನಾಯಿ ಹಾಡುತ್ತಿದ್ದ. ಕತ್ತಿನ ಹಿಂದೆ ಬೆವರು ಇಳಿಯುವುದು ನಾನಿದ್ದಲ್ಲಿಗೇ ಕಾಣುತ್ತಿತ್ತು. ಕುಡುಗೋಲು ಅಷ್ಟು ದೂರ ಹೋಗುವುದಿಲ್ಲ.

ಬಾಯಿ ಬಿಡುವ ಹಾಗಿಲ್ಲದ್ದಕ್ಕೆ ಬರೆಯುತ್ತೇನೆ. ಮದುವೆಗೆ ಮುಂಚೆ ಕಾಲ್ಯಾರಿ ಪಟ್ಟಣದಲ್ಲಿ ಮೇಷ್ಟ್ರಮ್ಮನ ಮನೆ ಕೆಲಸಕ್ಕಿದ್ದಾಗ ಕಲಿತ ಅಕ್ಷರ ಇದಕ್ಕಾದರೂ ಬಂತು. ಪುಸ್ತಕ ಹಿಟ್ಟಿನ ಪೆಟ್ಟಿಗೆಯ ತಳದಲ್ಲಿರುತ್ತದೆ. ಮೈದುನ ಬಾಕಿಸ್‌ಗೆ ಸಿಕ್ಕಿದರೂ ಅವನಿಗೆ ಓದು ಬಾರದು.

ಜೂನ್ 30

ಹಿತ್ತಿಲ ಕಲ್ಲುಗೋಡೆಯ ಬುಡದಲ್ಲಿ ಒಂದು ಆರ್ಜಿಯಾವನ್ನು ಕೊಲ್ಲದೆ ಬಿಟ್ಟಿದ್ದೇನೆ. ದಿನಾ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡುತ್ತೇನೆ. ಇಷ್ಟು ವರ್ಷ ಕೊಂದೆನೇ ಹೊರತು ಕಣ್ಣಿಟ್ಟು ನೋಡಿರಲಿಲ್ಲ.

ಕಡಲೆಕಾಳಿಗಿಂತ ತುಸು ದೊಡ್ಡ ಹೊಟ್ಟೆ, ಎಣ್ಣೆ ಸವರಿದಂಥ ಕಪ್ಪು. ಬೆನ್ನ ಮೇಲೆ ಕೆಂಪು ಚುಕ್ಕೆಗಳು, ಹದಿಮೂರು. ಕಾಲುಗಳು ಅಷ್ಟು ದಪ್ಪ ಹೊಟ್ಟೆಯನ್ನು ಹೇಗೆ ಹೊರುತ್ತವೋ, ಒಣಹುಲ್ಲಿನ ಹಾಗೆ ಸಣ್ಣ. ಬಲೆಗೆ ಒಂದು ಚಂದವಿಲ್ಲ. ಹುಚ್ಚಿ ನೂತ ನೂಲಿನ ಹಾಗೆ ಅಡ್ಡಾದಿಡ್ಡಿ. ಕೆಳಗಿನ ಎಳೆಗಳನ್ನು ನೆಲಕ್ಕೆ ಬಿಗಿದು ಅಂಟಿಸಿದೆ. ಕಡ್ಡಿಯಿಂದ ಎಳೆದರೆ ಚಟ್ ಅನ್ನುವಷ್ಟು ಗಟ್ಟಿ. ತಾನು ಕಲ್ಲಿನ ಸಂದಿಯ ಗೂಡಿನಲ್ಲಿ ತಲೆಕೆಳಗಾಗಿ ನೇತುಕೊಂಡಿರುತ್ತದೆ. ಎಲ್ಲಿಗೂ ಹೋಗುವುದಿಲ್ಲ. ಯಾರನ್ನೂ ಅಟ್ಟಿಸಿಕೊಂಡು ಬರುವುದಿಲ್ಲ.

ಇವತ್ತು ಒಂದು ಜೀರುಂಡೆ ಸಿಕ್ಕಿಬಿತ್ತು, ಜೇಡದ ಎರಡರಷ್ಟಿತ್ತು. ಇದು ಓಡಿ ಬಂತು, ಬೆನ್ನು ತಿರುಗಿಸಿ ಹಿಂಗಾಲಿನಿಂದ ಜಿಗುಟು ನೂಲು ಎರಚಿತು. ಒಂದು ಸಲ, ಎರಡು ಸಲ, ಹತ್ತು ಸಲ. ಜೀರುಂಡೆಯ ಕಾಲು ಒಂದೊಂದೇ ನಿಂತವು. ಆಮೇಲೆ ಹತ್ತಿರ ಬಂದು, ಅವಸರವೇ ಇಲ್ಲದೆ, ಕಾಲಿನ ಗಂಟಿಗೆ ಬಾಯಿ ಇಟ್ಟಿತು.

ಮೊನ್ನೆ ಗಂಡು ಬಂದಿತ್ತು. ಕಾಲುಭಾಗ ಗಾತ್ರದ್ದು, ಚುಕ್ಕೆಗಳಿಗೆ ಬಿಳಿ ಅಂಚು. ಇವತ್ತು ಅದರ ಒಣ ತೊಗಟೆ ಎಳೆಯಲ್ಲಿ ತೂಗಾಡುತ್ತಿದೆ. ಆರ್ಜಿಯಾ ಅಂದರೆ ಕೆಟ್ಟು ಸತ್ತ ಹೆಣ್ಣಿನ ಆತ್ಮ, ಕಚ್ಚಿದವರ ಮೈ ಹೊಗುತ್ತದೆ, ಒಂದು ಜೇಡ ಕನ್ಯೆ, ಒಂದು ಗಂಡನುಳ್ಳವಳು, ಒಂದು ವಿಧವೆ ಅನ್ನುತ್ತಾರೆ. ಇದು ವಿಧವೆಯೇ. ಪ್ರೇದು ಸತ್ತ ದಿನ ಅತ್ತೆ ನನ್ನನ್ನೂ ಗಂಡನನ್ನು ತಿಂದುಕೊಂಡವಳು ಅಂದಿದ್ದಳು.

ಜುಲೈ 4

ಬಾಕಿಸ್ ಪುದ್ದುಗಳ ಟಗರಿನ ಗಂಟಲು ಸೀಳಿ, ತಲೆಯನ್ನು ಅವರ ಬೇಲಿಯ ಗೂಟಕ್ಕೆ ಚುಚ್ಚಿ ಬಂದ. ಕೈ ತೊಳೆಯಲು ನಾನೇ ನೀರು ಹೊಯ್ದೆ. ಒಕ್ಕಣೆ ಮುಗಿಯಲಿ, ಆಮೇಲೆ ಟಗರಿನ ಒಡೆಯನ ಸರದಿ ಅಂದ. ಎರಡು ವರ್ಷದಿಂದ ಹೀಗೇ ಹೇಳುತ್ತಾನೆ. ಒಕ್ಕಣೆ ಮುಗಿಯಲಿ, ಉಣ್ಣೆ ಕತ್ತರಿಸಿ ಆಗಲಿ, ಮಳೆ ಬರಲಿ. ಬಂದೂಕಿಗೆ ಎಣ್ಣೆ ಹಾಕಿ ಹಾಕಿ ಅದರ ಮರವೇ ಕಪ್ಪಾಗಿದೆ.

ಗುಂಡಿಗೆ ಸದ್ದಿದೆ. ಕೇಳಿದವರಿರುತ್ತಾರೆ. ಜೇಡಕ್ಕೆ ಸದ್ದಿಲ್ಲ.

ಜುಲೈ 9

ಹಿತ್ತಿಲ ಆರ್ಜಿಯಾವನ್ನು ಜೊಂಡಿನ ಕೊಳವೆಯೊಳಗೆ ಹಾಕಿ ಬಾಯಿಗೆ ರೊಟ್ಟಿಯ ಮುದ್ದೆ ಮೆತ್ತಿದೆ. ನನಗೆ ಕಚ್ಚಲಿಲ್ಲ.

ಜುಲೈ 10

ಆಯಿತು.

ಊರಿನ ಕಣದಲ್ಲಿ ಇವತ್ತು ಪುದ್ದುಗಳ ಗೋಧಿಯ ಒಕ್ಕಣೆ. ಅವರ ಪಕ್ಕದಲ್ಲೇ ನಮ್ಮ ರಾಶಿ. ಎತ್ತುಗಳು ಸುತ್ತುತ್ತಿದ್ದವು, ಎಲ್ಲರ ಕಣ್ಣಿಗೂ ಹೊಟ್ಟಿನ ಧೂಳು. ಝುವಾನ್ನೆಯ ಕೋಟು ಕಾಡು ಆಲಿವ್ ಮರದ ಕೊಂಬೆಗೆ ನೇತಾಡುತ್ತಿತ್ತು. ನೀರಿನ ಗಡಿಗೆಗೆಂದು ಮರದ ಬುಡಕ್ಕೆ ಹೋದವಳು ಕೊಳವೆಯನ್ನು ಕೋಟಿನ ತೋಳಿನಲ್ಲಿ ಕೊಡವಿ ವಾಪಸು ಬಂದೆ. ಮಧ್ಯಾಹ್ನ ಸಮುದ್ರದ ಕಡೆಯ ಗಾಳಿ ಎದ್ದಾಗ ಬೆವರಿದ ಮೈಗೆ ಕೋಟು ಹಾಕಿಕೊಂಡ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಂಕುಳಿಗೆ ಏಟು ಹೊಡೆದುಕೊಂಡ, ಮುಳ್ಳು ಅಂದ. ಕೋಟು ಕೊಡವಿದ. ಕಪ್ಪಗಿರುವುದು ಕೆಳಗೆ ಬಿತ್ತು. ಯಾರೋ ಅದನ್ನು ತುಳಿದರು.

ಮೊದಲು ಕಂಕುಳು, ಆಮೇಲೆ ಎದೆ, ಆಮೇಲೆ ಹೊಟ್ಟೆ. ಮೂರು ರಾಶಿ ತೂರುವಷ್ಟರಲ್ಲಿ ನೆಲದ ಮೇಲಿದ್ದ. ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡು, ಮಲಗಲಾರ, ಕೂರಲಾರ, ತನ್ನ ಮಂಡಿಯನ್ನು ತಾನೇ ಕಚ್ಚುತ್ತಿದ್ದ. ಬಾಯಿಯ ಸುತ್ತ ನೊರೆ, ಕೂದಲಿನಿಂದ ನೀರು ಸುರಿದಂತೆ ಬೆವರು. ನಾಲ್ಕು ಜನ ಹಿಡಿದರೂ ಮೀನಿನ ಹಾಗೆ ನೆಗೆಯುತ್ತಿದ್ದ.

ನಾನು ತೂರುವುದನ್ನು ನಿಲ್ಲಿಸಲಿಲ್ಲ. ಗಾಳಿ ಚೆನ್ನಾಗಿತ್ತು.

ಜುಲೈ 11, ಬೆಳಿಗ್ಗೆ

ಅವನ ತಾಯಿ ತತಾನಾ ಬಂದಿದ್ದಳು. ಎಪ್ಪತ್ತರ ಮುದುಕಿ, ಎರಡು ವರ್ಷದಿಂದ ನನ್ನ ಎದುರು ಬಂದರೆ ಓಣಿ ಬದಲಿಸುತ್ತಿದ್ದವಳು. ವಿಷ ಬೆವರಾಗಿ ಇಳಿಯಲೆಂದು ನಿನ್ನೆಯಿಂದ ಮಗನನ್ನು ತಿಪ್ಪೆಯ ಬಿಸಿ ಗೊಬ್ಬರದಲ್ಲಿ ಕುತ್ತಿಗೆಯವರೆಗೆ ಹೂತಿದ್ದಾರಂತೆ. ಏಳು ಕನ್ಯೆಯರು ಸುತ್ತ ಕುಣಿದರಂತೆ, ಅರಚಿದ. ಏಳು ಗಂಡನುಳ್ಳವರು ಕುಣಿದರಂತೆ, ಇನ್ನೂ ಅರಚಿದ. ವಿಧವೆಯರು ಕುಣಿದಾಗ ಮಾತ್ರ ಸ್ವಲ್ಪ ಸುಮ್ಮನಾದನಂತೆ. ಅಂದರೆ ಅವನ ಮೈಯಲ್ಲಿರುವುದು ವಿಧವೆ. ಆದರೆ ಏಳಾಗಬೇಕು. ಊರಲ್ಲಿ ಕುಣಿಯಬಲ್ಲ ವಿಧವೆಯರು ಅವಳೂ ಸೇರಿ ಆರು. ಏಳನೆಯವಳು ನಾನು.

ನಾನು ಬಾಗಿಲು ಹಾಕಿದೆ. ಅವಳು ಚೌಕಟ್ಟು ಹಿಡಿದಿದ್ದಳು. ಬೆರಳು ಸಿಕ್ಕಿತು, ಮೂಳೆ ಮುರಿದದ್ದು ಕೇಳಿಸಿತು. ಅವಳು ಕೂಗಲಿಲ್ಲ. ಬಾಗಿಲು ಮತ್ತೆ ತೆಗೆದಾಗಲೂ ಅಲ್ಲೇ ಮಂಡಿಯೂರಿದ್ದಳು.

"ಮಲ್ಲೇನಾ, ಉಳಿಸು ಅಂತ ನಿನ್ನ ಕೇಳೋ ಮುಖ ನನಗಿಲ್ಲ" ಅಂದಳು. "ನೋಡೋಕಾದ್ರೂ ಬಾರವ್ವ. ನಿನ್ನ ಗಂಡ ಪಟ್ಟ ನೋವಿನ ಹತ್ತು ಪಟ್ಟು ಪಡ್ತಾ ಇದಾನೆ. ಹತ್ತಿರದಿಂದ ನೋಡ್ಬೇಕು ಅಂದ್ರೆ ಸುತ್ತಿನೊಳಗೆ ಬರ್ಬೇಕು. ಬಾ, ಕಣ್ತುಂಬ ನೋಡು."

ಅದಕ್ಕೇ ಹೋಗುತ್ತಿದ್ದೇನೆ. ಬೇರೆ ಯಾವುದಕ್ಕೂ ಅಲ್ಲ.

ಜುಲೈ 11, ಸಂಜೆ

ನೋಡಿದೆ.

ಗೊಬ್ಬರದಿಂದ ಹೊರಗೆ ತಲೆ ಮಾತ್ರ. ಕಣ್ಣು ಊದಿ ಕೆಂಪಗಾಗಿ ಎರಡು ಗೀರು. ಹಲ್ಲಿನ ನಡುವೆ ಚರ್ಮದ ಪಟ್ಟಿ ಕೊಟ್ಟಿದ್ದರು, ಅದನ್ನು ಕಡಿದು ತುಂಡು ಮಾಡಿದ್ದ. ಪುಂಗಿಯವನು ಕೆನ್ನೆ ಉಬ್ಬಿಸಿ ಉಸಿರು ಬಿಡದೆ ಊದುತ್ತಿದ್ದ. ನಾವು ಏಳು ಜನ ಕಪ್ಪು ಲಂಗದವರು ಕೈಕೈ ಹಿಡಿದು ಸುತ್ತಿದೆವು. ನನ್ನ ಎಡಗೈಯಲ್ಲಿ ತತಾನಾಳ ಮುರಿದ ಕೈ, ಬಟ್ಟೆ ಸುತ್ತಿತ್ತು. ಬೇಕೆಂದೇ ಬಿಗಿಯಾಗಿ ಹಿಡಿದೆ.

ನಾನು ಸುತ್ತಿಗೆ ಸೇರಿದ್ದೇ ತಡ, ಅವನು ಸುಮ್ಮನಾದ. ಎಲ್ಲರೂ ಶಿಲುಬೆ ಗುರುತು ಹಾಕಿಕೊಂಡರು. ನಾನು ಕಾಲು ನಿಲ್ಲಿಸಿದೆ. ಅರಚಿದ. ಮತ್ತೆ ಕುಣಿದೆ, ಸುಮ್ಮನಾದ. ನಿಲ್ಲಿಸಿದೆ, ಅರಚಿದ. ಹೀಗೆ ಐದಾರು ಸಲ. ಚಪ್ಪಲಿಯ ದಾರ ಬಿಚ್ಚಿತು, ಬಾಯಾರಿಕೆ, ಸೊಂಟ ಹಿಡಿಯಿತು ಅಂತ ಒಂದೊಂದು ನೆಪ ಹೇಳಿದೆ. ಅವನ ಬಾಯಿಗೆ ಹಗ್ಗ ಕಟ್ಟಿ ಅದರ ತುದಿಯನ್ನು ನನ್ನ ಕಾಲಿಗೆ ಕಟ್ಟಿದಂತಿತ್ತು. ಇಂಥ ಸುಖ ನನ್ನ ಜನ್ಮದಲ್ಲಿ ಕಂಡಿಲ್ಲ. ತತಾನಾಗೆ ಗೊತ್ತಾಯಿತು. ನನ್ನ ಮುಖ ನೋಡಿದಳು.

ಮಧ್ಯಾಹ್ನ ಕೆಳಗಿನ ಊರಿನಿಂದ ಡಾಕ್ಟರು ಹೇಸರಗತ್ತೆಯ ಮೇಲೆ ಬಂದರು. ತಿಪ್ಪೆ, ಪುಂಗಿ, ನಮ್ಮ ಕುಣಿತ ಎಲ್ಲ ನೋಡಿ ಹಣೆ ಹಣೆ ಚಚ್ಚಿಕೊಂಡರು. ಗೊಬ್ಬರದಿಂದ ಒಂದು ತೋಳು ಎಳೆದು ಸೂಜಿ ಚುಚ್ಚಿದರು. ಇದು ಆತ್ಮವೂ ಅಲ್ಲ ದೆವ್ವವೂ ಅಲ್ಲ, ಬರೀ ಜೇಡ. ನಿಮ್ಮ ದ್ವೀಪದ್ದು ಮಾತ್ರವೂ ಅಲ್ಲ, ಸ್ಪೇನಿನಲ್ಲಿದೆ, ಕಾರ್ಸಿಕದಲ್ಲಿದೆ, ಗ್ರೀಸಿನಲ್ಲಿದೆ, ಅಲ್ಲಿಂದ ಪೂರ್ವಕ್ಕೆ ಒಂಟೆ ಮೇಯಿಸುವವರ ಬಯಲಿನವರೆಗೂ ಇದೆ, ಅಲ್ಲಿ ಒಂಟೆಗಳೇ ಬಿದ್ದು ಸಾಯುತ್ತವೆ ಅಂದರು. ಗಂಡು ಕಚ್ಚುವುದಿಲ್ಲ, ಹೆಣ್ಣೂ ಮೈಗೆ ಒತ್ತಿದರೆ ಮಾತ್ರ ಕಚ್ಚುತ್ತದೆ, ಮೂರು ದಿನ ತಡೆದರೆ ಬದುಕುತ್ತಾನೆ ಅಂದರು.

ನಮ್ಮಲ್ಲಿ ಎಲ್ಲರಿಗಿಂತ ದಪ್ಪಗಿರುವ ಬಡಿಗನ ವಿಧವೆ ತಲೆವಸ್ತ್ರದ ತುದಿಯಲ್ಲಿ ಮುಖ ಒರೆಸಿಕೊಳ್ಳುತ್ತ, "ಆ ಒಂಟೆಗಳ ಸುತ್ತ ಯಾರು ಕುಣೀತಾರೆ ಡಾಕ್ಟ್ರೇ" ಅಂತ ಕೇಳಿದಳು. ಡಾಕ್ಟರೂ ನಕ್ಕರು.

ಜುಲೈ 12

ಇವತ್ತು ಅವನನ್ನು ಗೊಬ್ಬರದಿಂದ ತೆಗೆದು ತೊಳೆದು ವಿಧವೆಯ ಬಟ್ಟೆ ಉಡಿಸಿದರು. ಮೈಯಲ್ಲಿರುವವಳಿಗೆ ತನ್ನ ಬಟ್ಟೆ ಸಿಕ್ಕಿದರೆ ಅತ್ತು ಹಗುರಾಗಿ ಬಿಟ್ಟುಹೋಗುತ್ತಾಳೆ ಅಂತ. ನನ್ನ ಹಳೆಯ ಲಂಗ, ನನ್ನ ಕಪ್ಪು ತಲೆವಸ್ತ್ರ. ಮನೆಯೊಳಗೆ ಗಂಡಸರು ಇರಕೂಡದು. ಪುಂಗಿಯವನನ್ನೂ ಹೊರಗೆ ಕಳಿಸಿದರು. ಏಳು ಜನ ಗೋಡೆಗೆ ಒರಗಿ ಕೂತೆವು. ನಡುವೆ ಅವನು, ಎರಡು ದಿನದ ಗಡ್ಡ, ತಲೆವಸ್ತ್ರ ಗಲ್ಲದ ಕೆಳಗೆ ಗಂಟು. ನನಗೆ ನಗು ಬಂತು.

ಬಡಿಗನ ವಿಧವೆ ಪದ್ಧತಿಯ ಹಾಗೆ ಕೇಳಿದಳು: "ಯಾರವ್ವ ನೀನು? ಯಾರಿಗೋಸ್ಕರ ಅಳ್ತೀಯ?"

ಅವನು ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಅಳುವ ಧಾಟಿಯಲ್ಲಿ ಶುರು ಮಾಡಿದ. ದನಿ ಗಂಡಸಿನದು, ಧಾಟಿ ನಮ್ಮದು. ಇಲ್ಲಿ ನೆನಪಿರುವಷ್ಟು ಬರೆಯುತ್ತೇನೆ. ಮರೆಯುವುದಿಲ್ಲ, ಆದರೂ ಬರೆಯುತ್ತೇನೆ.

"ಪ್ರೇದು, ನನ್ನ ಪ್ರೇದು, ನಮ್ಮ ಹನ್ನೊಂದು ಕುರಿಯ ಹಿಂಗಾಲ ನರ ಕುಯ್ದು ಬಂದೆಯಲ್ಲೋ. ಮರಿ ಹೊಟ್ಟೇಲಿಟ್ಟುಕೊಂಡು ಮಂಡಿ ಮೇಲೆ ತೆವಳಿದವಲ್ಲೋ. ಬುಗ್ಗೆ ಹತ್ರ ಸಿಕ್ಕಿ ನಕ್ಕೆಯಲ್ಲೋ. ಆ ನಗುವಿಗೇ ಹೊಡೆದೆನಲ್ಲೋ."

ತತಾನಾ ಮುರಿದ ಕೈಯನ್ನು ಬಾಯಿಗೆ ಒತ್ತಿಕೊಂಡಳು.

"ನೀರು ಕೇಳಿದೆ, ಟೋಪೀಲಿ ತಂದೆನಲ್ಲೋ. ಅರ್ಧ ಕುಡಿದೆ, ಅರ್ಧ ಎದೆ ಮೇಲೆ ಹೋಯ್ತಲ್ಲೋ. ಓಡಿಹೋಗೋಣ ಅಂದ್ರೆ ನನ್ನ ಕೈ ಬಿಡ್ಲಿಲ್ವಲ್ಲೋ. ಹೊತ್ತು ಮುಳುಗೋವರೆಗೂ ನಿನ್ನ ತಲೆ ನನ್ನ ತೊಡೆ ಮೇಲಿತ್ತಲ್ಲೋ. ಕಣ್ಣು ಕಾಣದೆ ನನ್ನನ್ನ ಮಲ್ಲೇನಾ ಅಂದೆಯಲ್ಲೋ. ಮಲ್ಲೇನಾ ಇದೀಯಾ ಅಂದೆ. ಹೂಂ ಅಂದೆನಲ್ಲೋ. ಇದೀನಿ ಅಂದೆನಲ್ಲೋ."

ನನ್ನ ಬಟ್ಟೆಯಲ್ಲಿ ಕೂತು ನನ್ನ ಹೆಸರು ಹೇಳಿದ.

ನಾನು ಎದ್ದು ಅವನ ಕೆನ್ನೆಗೆ ಹೊಡೆದೆ. ಮತ್ತೆ ಮತ್ತೆ ಹೊಡೆದೆ, ಮೂಗಿನಿಂದ ರಕ್ತ ಬರುವವರೆಗೆ. ಅವನು ತಡೆಯಲೂ ಇಲ್ಲ, ಕಣ್ಣು ಬಿಡಲೂ ಇಲ್ಲ. ನನ್ನನ್ನು ಯಾರೂ ಹಿಡಿಯಲಿಲ್ಲ. ಕೈ ಸೋತಾಗ ಬಡಿಗನ ವಿಧವೆ ನನ್ನನ್ನು ತನ್ನ ಪಕ್ಕ ಕೂರಿಸಿಕೊಂಡಳು. ಆಮೇಲೆ ಏಳೂ ಜನ ಅತ್ತೆವು. ಒಬ್ಬೊಬ್ಬರೂ ತಮ್ಮ ತಮ್ಮ ಸತ್ತವರಿಗೆ ಅತ್ತರು ಅಂತ ಕಾಣುತ್ತದೆ.

ಅವನು ಬೆವರಿನಲ್ಲಿ ತೊಯ್ದು ನಿದ್ದೆಹೋದ. ಮೂರು ದಿನದಲ್ಲಿ ಮೊದಲ ನಿದ್ದೆ.

ಜುಲೈ 13

ಏನೂ ಬರೆಯುವುದಿಲ್ಲ.

ಜುಲೈ 14

ಪ್ರೇದು ಯಾರಿಗೂ ಏನೂ ಮಾಡಿದವನಲ್ಲ ಅಂತ ಮೊದಲ ಪುಟದಲ್ಲಿ ಬರೆದಿದ್ದೇನೆ. ಸಾಯುವ ಹಿಂದಿನ ದಿನ ಅವನ ಪ್ಯಾಂಟು ಒಗೆದವಳು ನಾನು. ಮಂಡಿಯವರೆಗೆ ರಕ್ತ. ಕುರಿ ಈದಿತು ಅಂದ. ಈದ ಕುರಿಯ ರಕ್ತದ ವಾಸನೆ ನನಗೆ ಗೊತ್ತಿಲ್ಲವೇ? ತಣ್ಣೀರು, ಬೂದಿ, ಮತ್ತೆ ತಣ್ಣೀರು. ಚೆನ್ನಾಗಿ ಹೋಯಿತು ಕಲೆ.

ಜುಲೈ 16

ಊಟಕ್ಕೆ ಕೂತಾಗ ಬಾಕಿಸ್ ಕೇಳಿದ: "ಮೈಮೇಲೆ ಬಂದಾಗ ಏನಂದ ಅವನು, ಅತ್ತಿಗೆ? ಬಾಯ್ಬಿಟ್ಟ ಅಂತಾರಲ್ಲ."

ಎರಡು ವರ್ಷದಿಂದ ಅವನು ಕಾಯುತ್ತಿದ್ದದ್ದು ಈ ಒಂದು ಮಾತಿಗೆ. ಕಣ್ಣಾರೆ ಕಂಡವರಿಲ್ಲ, ಕಿವಿಯಾರೆ ಕೇಳಿದವರಾದರೂ ಇದ್ದರೆ ಅವನ ಕೈಗೆ ಬಲ. ನೀರು ನೀರು ಅಂತ ಅರಚಿದ, ಅಷ್ಟೇ ಅಂದೆ. ಅವನು ನಂಬಲಿಲ್ಲ. ಉಳಿದವರ ಮನೆಗೂ ಹೋಗಿ ಕೇಳಿದನಂತೆ. ನಾವು ಏಳು ಜನ ಮಾತಾಡಿಕೊಂಡಿರಲಿಲ್ಲ, ಆದರೂ ಎಲ್ಲರೂ ನೀರು ಅಂದರಂತೆ. ಎಲ್ಲರೂ ಒಂದೇ ಮಾತು ಹೇಳಿದ್ದರಿಂದಲೇ ಅವನಿಗೆ ಖಾತ್ರಿಯಾಯಿತು.

ಯಾಕೆ ಹೇಳಲಿಲ್ಲ ಅಂತ ನನ್ನನ್ನೇ ಕೇಳಿಕೊಂಡೆ. ಒಕ್ಕಣೆ ಇನ್ನೂ ಅರ್ಧ ಇದೆ, ಬಾಕಿಸ್ ಜೈಲಿಗೆ ಹೋದರೆ ಎತ್ತು ಹೊಡೆಯುವವರು ಯಾರು. ಅದಕ್ಕೇ.

ಜುಲೈ 21

ಝುವಾನ್ನೆ ಎದ್ದಿದ್ದಾನೆ. ಕೋಲು ಹಿಡಿದು ಬುಗ್ಗೆಯ ಆಚೆಯ ದೊಡ್ಡಿಗೆ ಕುರಿ ನೋಡಲು ಹೊರಟಿದ್ದ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಬಾಕಿಸ್ ಅದಕ್ಕೆ ಮುಂಚೆಯೇ ಬಂದೂಕು ತೆಗೆದುಕೊಂಡು ಹೋಗಿದ್ದ. ಆ ದಾರಿಯಲ್ಲಿ ಒಂದು ಕಡೆ ಕುಸಿದ ಕಲ್ಲುಗೋಡೆ ಇದೆ. ಹೊಂಚು ಹಾಕಿ ಕೂರಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ನನಗೆ ಬಟ್ಟೆ ಒಗೆಯುವುದಿತ್ತು. ಎರಡೂವರೆ ವರ್ಷದಿಂದ ಆ ಬುಗ್ಗೆಗೆ ಹೋಗದೆ ಮನೆಯ ತೊಟ್ಟಿಯಲ್ಲೇ ಒಗೆಯುತ್ತಿದ್ದೆ. ಈಗ ತೊಟ್ಟಿಯಲ್ಲಿ ನೀರು ಕಮ್ಮಿ. ಬುಟ್ಟಿ ತಲೆ ಮೇಲಿಟ್ಟುಕೊಂಡು ಝುವಾನ್ನೆಯ ಪಕ್ಕ ನಡೆದೆ, ಗೋಡೆ ಇರುವ ಬದಿಗೆ. ಅವನು ನನ್ನನ್ನು ನೋಡಿ ನಿಂತ. ನಡಿ ಅಂದೆ. ಬಾಕಿಸ್‌ನ ಬಂದೂಕಿನದು ಚರೆಗುಂಡು, ಅಗಲಕ್ಕೆ ಹರಡುತ್ತದೆ, ಪಕ್ಕದವರನ್ನು ಬಿಡುವುದಿಲ್ಲ. ಗೋಡೆಯ ಹತ್ತಿರ ಬಂದಾಗ ಕಲ್ಲಿನ ಮೇಲೆ ಬೂಟು ಉಜ್ಜಿದ ಸದ್ದು ಕೇಳಿತು. ದಾಟಿದೆವು.

ಬುಗ್ಗೆಯ ನೀರು ತಣ್ಣಗೇ ಇದೆ.

ಜುಲೈ 22

ಬಾಕಿಸ್ ಹೊಡೆದ. ಬಂದೂಕಿನ ಹಿಡಿಯಿಂದ, ಒಂದೇ ಸಲ. ಕೆಳಗಿನ ಎರಡು ಹಲ್ಲು ಹೋದವು. "ನನ್ನ ಅಣ್ಣನ ರಕ್ತ ಕುಡಿದವನ ಪಕ್ಕ ನಡೀತೀಯಾ, ಮುಂಡೆ" ಅಂದ. ಆಮೇಲೆ ಅವನೇ ಬಟ್ಟೆ ಒದ್ದೆ ಮಾಡಿ ತಂದು ಕೊಟ್ಟ. ಪ್ರೇದು ಸತ್ತಾಗ ಬಾಕಿಸ್‌ಗೆ ಇಪ್ಪತ್ತು. ಈಗಲೂ ಗಡ್ಡ ಸರಿಯಾಗಿ ಬಂದಿಲ್ಲ.

ಬಾಯಿ ಊದಿದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗಿದೆ.

ಜುಲೈ 23

ಬಟ್ಟೆ ಒಗೆದು ಬಂದೆ.

ಜುಲೈ 24

ಒಗೆದು ಬಂದೆ. ತತಾನಾಳ ಮನೆಯ ಬಟ್ಟೆಯನ್ನೂ ತೆಗೆದುಕೊಂಡು ಹೋಗಿದ್ದೆ. ಅವಳ ಬೆರಳು ಕಪ್ಪಾಗಿವೆ, ಹಿಂಡಲಾರಳು.

ಜುಲೈ 25

ಒಗೆಯಲು ಏನೂ ಉಳಿದಿಲ್ಲ. ಒಗೆದದ್ದನ್ನೇ ಮತ್ತೆ ಒಗೆದೆ.

ಜುಲೈ 27

ಇವತ್ತು ಝುವಾನ್ನೆ ಮಾತಾಡಿದ. ಬುಗ್ಗೆಯ ಕಲ್ಲಿನ ಮೇಲೆ ಕೂತು, ನನ್ನ ಕಡೆ ನೋಡದೆ, ಮೈಮೇಲೆ ಬಂದಾಗ ತಾನು ಏನು ಹೇಳಿದೆ ಅಂತ ಕೇಳಿದ. ತಾಯಿ ಹೇಳುತ್ತಿಲ್ಲವಂತೆ, ಬರೀ ಅಳುತ್ತಾಳಂತೆ. ನಾನು ಹೇಳಿದೆ. ಕುರಿ, ನಗು, ಟೋಪಿಯ ನೀರು, ನನ್ನ ಹೆಸರು, ಎಲ್ಲ. ಅಷ್ಟೂ ನಿಜ ಅಂದ.

ಆಮೇಲೆ ನಾನು ಹೇಳಿದೆ: "ಜೇಡ ನಿನ್ನ ಕೋಟಲ್ಲಿ ಹಾಕಿದೋಳು ನಾನು."

"ಗೊತ್ತು" ಅಂದ.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು. ಹುಟ್ಟಿದಾಗಿನಿಂದ ಕುರಿ ಮೇಯಿಸ್ತಾ ಇದೀನಿ. ಆರ್ಜಿಯಾ ಮಂಡಿಯಿಂದ ಮೇಲೆ ಬರೋದನ್ನ ಒಂದು ಸಲಾನೂ ಕಂಡಿಲ್ಲ. ನನ್ನ ಕೋಟು ತಲೆ ಎತ್ತರದ ಕೊಂಬೇಲಿತ್ತು. ಆ ಮರದ ಹತ್ರ ಹೋದೋರು ನೀವೊಬ್ರೇ."

ಯಾರಿಗಾದರೂ ಹೇಳಿದೆಯಾ ಅಂತ ಕೇಳಿದೆ. ಯಾಕೆ ಹೇಳಲಿ ಅಂದ. ತನ್ನ ತಮ್ಮ ಗಣಿ ಕೆಲಸಕ್ಕೆ ಹೋಗಿದ್ದಾನೆ, ಹೇಳಿದರೆ ಸೇಡಿಗೆ ಅವನು ಬರುತ್ತಾನೆ. ಬಾಕಿಸ್ ತನ್ನನ್ನು ಹೊಡೆದರೂ ಅವನು ಬರುತ್ತಾನೆ, ಬಾಕಿಸ್‌ನನ್ನು ಹೊಡೆಯುತ್ತಾನೆ. ಬಾಕಿಸ್ ಸಣ್ಣ ಹುಡುಗ.

"ಎಲ್ಲಿವರೆಗೆ ಅಂತ ಹೀಗೆ ಪಕ್ಕದಲ್ಲಿ ನಡೀತೀರಿ ಅಕ್ಕ?" ಅಂದ.

ಗೊತ್ತಿಲ್ಲ ಅಂದೆ.

ಹಾಗಾದರೆ ನಾಳೆ ಕೆಳಗಿನ ಊರಿನ ಠಾಣೆಗೆ ಹೋಗೋಣ, ಅಲ್ಲಿಯವರೆಗೆ ನಡೆಯಿರಿ, ಆಮೇಲೆ ಬೇಡ ಅಂದ.

ಜುಲೈ 29

ನಿನ್ನೆ ಬೆಳಕು ಹರಿಯುತ್ತಲೇ ಹೊರಟೆವು. ಹದಿನಾಲ್ಕು ಕಿಲೋಮೀಟರು. ತತಾನಾ ಊರ ಬಾಗಿಲವರೆಗೆ ಬಂದು ಮಗನ ಜೇಬಿಗೆ ರೊಟ್ಟಿ, ಚೀಸು ತುರುಕಿದಳು. ಹೊಲಗಳೆಲ್ಲ ಬೋಳು. ಕೂಳೆಯ ಮಧ್ಯೆ ಮಿಡತೆಯ ತೊಗಟೆ ತೂಗುವ ಬಲೆಗಳು, ಬಲೆಯ ಪಕ್ಕ ನಾಲ್ಕೈದು ಕಂದು ಮೊಟ್ಟೆಚೀಲಗಳು. ನಾನು ತುಳಿಯದೆ ದಾಟಿದೆ.

ಎರಡನೆಯ ದಿಣ್ಣೆ ಹತ್ತುವಾಗ ಹಿಂದೆ ನೋಡಿದರೆ ಬಾಕಿಸ್ ಬರುತ್ತಿದ್ದ. ಬಚ್ಚಿಟ್ಟುಕೊಳ್ಳಲಿಲ್ಲ, ಓಡಲಿಲ್ಲ. ನೂರು ಹೆಜ್ಜೆ ಹಿಂದೆ, ದಾರಿಯ ಮಧ್ಯದಲ್ಲೇ, ಬಂದೂಕು ಕೈಯಲ್ಲಿ. ಝುವಾನ್ನೆಗೆ ಕಾಲಲ್ಲಿ ಇನ್ನೂ ಶಕ್ತಿ ಬಂದಿಲ್ಲ, ಅಲ್ಲಲ್ಲಿ ಕೂರುತ್ತಿದ್ದ. ಅವನು ಕೂತಾಗ ನಾನು ಹಿಂದಕ್ಕೆ ಮುಖ ಮಾಡಿ ನಿಲ್ಲುತ್ತಿದ್ದೆ. ನಾವು ನಿಂತಾಗ ಬಾಕಿಸ್ ನಿಲ್ಲುತ್ತಿದ್ದ. ಒಂದು ಸಲ ಬಂದೂಕು ಹೆಗಲಿಗೇರಿಸಿದ. ಪಕ್ಕಕ್ಕೆ ಸರಿ ಅತ್ತಿಗೆ, ಸರಿ ಅಂತ ಕೂಗಿದ. ಬಾಯಲ್ಲಿ ಹಲ್ಲಿಲ್ಲದ ಜಾಗ ಉರಿಯುತ್ತಿತ್ತು, ಕೂಗಿ ಉತ್ತರ ಹೇಳಲಾಗಲಿಲ್ಲ. ಸರಿಯಲೂ ಇಲ್ಲ. ಅವನು ಗುರಿ ಹಿಡಿದೇ ಇದ್ದ, ನಾನು ನಿಂತೇ ಇದ್ದೆ. ಕೊನೆಗೆ ಅವನ ಕೈ ಸೋತಿತು.

ಠಾಣೆಯ ಅಧಿಕಾರಿ ದ್ವೀಪದವನಲ್ಲ, ಸಮುದ್ರದಾಚೆಯ ಇಟಲಿಯವನು. ಝುವಾನ್ನೆ ಹೇಳಿದ್ದನ್ನು ಒಬ್ಬ ಪೇದೆ ನಿಧಾನವಾಗಿ ಬರೆದುಕೊಂಡ. ಅಧಿಕಾರಿ ನನ್ನ ಕಡೆ ತಿರುಗಿ ನೀವು ಅವನಿಗೆ ಏನಾಗಬೇಕು ಅಂತ ಕೇಳಿದ. ಸತ್ತವನ ಹೆಂಡತಿ ಅಂದೆ. ಪೇದೆ ಪೆನ್ನು ಕೆಳಗಿಟ್ಟ. ನನ್ನದೂ ಒಂದು ಬರೆದುಕೊಳ್ಳಬೇಕು ಅಂತ ಕೊಳವೆಯ ವಿಷಯ ಹೇಳಿದೆ. ಪೇದೆ ನಗು ತಡೆಯಲಾರದೆ ಎದ್ದು ಹೋದ. ಅಧಿಕಾರಿ ನಗಲಿಲ್ಲ. ಜೇಡ ಇಟ್ಟದ್ದನ್ನು ಕಂಡವರಿದ್ದಾರಾ ಅಂತ ಕೇಳಿದ. ಇಲ್ಲ ಅಂದೆ. ಕಚ್ಚಿಸಿಕೊಂಡವನು ದೂರು ಕೊಡುತ್ತಾನಾ ಅಂತ ಕೇಳಿದ.

ಝುವಾನ್ನೆ, "ಜೇಡ ತಾನಾಗೇ ಹತ್ತಿತ್ತು ಸಾಹೇಬ್ರೇ" ಅಂದ.

ಮನೆಗೆ ಹೋಗಿ ತಾಯಿ ಅಂದ ಅಧಿಕಾರಿ.

ಝುವಾನ್ನೆಯನ್ನು ಒಳಗೆ ಕರೆದುಕೊಂಡು ಹೋಗುವಾಗ ಅವನು ರೊಟ್ಟಿಯ ಗಂಟನ್ನು ನನ್ನ ಕೈಗೆ ಕೊಟ್ಟ. ದಾರಿ ದೂರ ಇದೆ, ಒಳಗೆ ಊಟ ಕೊಡುತ್ತಾರೆ ಅಂದ. ಹೊರಗೆ ಬಂದರೆ ಎದುರಿನ ಕಟ್ಟೆಯ ಮೇಲೆ ಬಾಕಿಸ್ ಕೂತಿದ್ದ. ಬಂದೂಕಿನಿಂದ ಗುಂಡು ತೆಗೆದು ಕಟ್ಟೆಯ ಮೇಲೆ ಇಟ್ಟಿದ್ದ. ಹೇಳಿದನಾ ಅಂದ. ಹೇಳಿದ ಅಂದೆ. ಎಲ್ಲಾನಾ ಅಂದ. ಎಲ್ಲ ಅಂದೆ.

ವಾಪಸು ಬರುವಾಗ ಅವನು ಮುಂದೆ, ನಾನು ಹಿಂದೆ. ದಿಣ್ಣೆಯ ಅರ್ಧಕ್ಕೆ ಬಂದಾಗ ಅವನು ದಾರಿಯ ಮಧ್ಯದಲ್ಲೇ ಕುಸಿದು ಕೂತ. ಕಲ್ಲು ಎಡವಿದ ಅಂದುಕೊಂಡೆ. ಎರಡೂ ಕೈಯಿಂದ ತಲೆ ಹಿಡಿದುಕೊಂಡು ಅಳುತ್ತಿದ್ದ. ಅಣ್ಣ ಸತ್ತ ದಿನ ಅತ್ತಿರಲಿಲ್ಲ, ಹೂಳಿದ ದಿನವೂ ಇಲ್ಲ. ಗಂಡಸರು ಅಳುವ ಮೊದಲು ಮಾಡಬೇಕಾದದ್ದಿದೆ ಅಂತ ಅವನಿಗೆ ಹೇಳಿದ್ದವಳು ನಾನೇ. ಈಗ ಮಾಡಲು ಏನೂ ಉಳಿದಿರಲಿಲ್ಲ.

ಮಧ್ಯಾಹ್ನದ ಇಳಿಬಿಸಿಲು, ಅಲ್ಲಿ ಒಂದು ಮರವಿಲ್ಲ. ಅವನ ಕತ್ತು ಬಿಸಿಲಿಗೆ ಕೆಂಪಗಾಗುತ್ತಿತ್ತು. ಅಳು ಮುಗಿಯುವವರೆಗೆ, ನನ್ನ ನೆರಳು ಅವನ ಮೇಲೆ ಬೀಳುವ ಹಾಗೆ ಸರಿದು ನಿಂತೆ.